ಸೋತವರೇ ಮಾತಾಡುವ ಸಭೆ

ಸನ್ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಿವೃತ್ತ ನ್ಯಾಯಮೂರ್ತಿಗಳೇ, ವೇದಿಕೆಯನ್ನು ಅಲಂಕರಿಸಿರುವ ಹಿರಿಯರೇ, ವಾದಿಸಿ ಗೆದ್ದ ಮಿತ್ರರೇ, ವಾದಿಸಿ ಸೋತ ಮಿತ್ರರೇ, ವಾದಿಸುವ ಮೊದಲೇ ವಾಯಿದೆ ಕೇಳಿ ಪಾರಾದ ಮಿತ್ರರೇ, ವರ್ಷವಿಡೀ ನಮ್ಮ ಕಡತಗಳನ್ನು ಕಟ್ಟಿ ಬಿಚ್ಚಿ ಬೆರಳು ಸವೆಸಿಕೊಂಡ ಕಚೇರಿಯ ಸಿಬ್ಬಂದಿಯವರೇ, ಮತ್ತು ಊಟಕ್ಕೆ ಇನ್ನೂ ಹೊತ್ತಿದೆ ಎಂಬ ಒಂದೇ ಕಾರಣಕ್ಕೆ ಒಳಗೆ ಬಂದು ಕುಳಿತಿರುವ ಸಭಿಕರೇ,

ಮೊದಲು ಒಂದು ಸ್ಪಷ್ಟೀಕರಣ ಕೊಡಬೇಕು. ನಮ್ಮ ವಕೀಲರ ಸಂಘದ ಪದ್ಧತಿ ಗೊತ್ತಿಲ್ಲದ ಅತಿಥಿಗಳು ಕೆಲವರು ಇಲ್ಲಿದ್ದಾರೆ. ಉಚ್ಚ ನ್ಯಾಯಾಲಯದ ಅವಧಿ ಮುಗಿದು ರಜೆ ಶುರುವಾಗುವ ಮುನ್ನ ನಾವೆಲ್ಲ ಹೀಗೆ ಸೇರಿ, ಆ ಅವಧಿಯಲ್ಲಿ ಬಂದ ಮುಖ್ಯ ತೀರ್ಪುಗಳ ಅವಲೋಕನ ಮಾಡುತ್ತೇವೆ. ಬೇರೆ ಕಡೆ ಈ ಕೆಲಸವನ್ನು ಪ್ರಾಧ್ಯಾಪಕರಿಗೆ ವಹಿಸುತ್ತಾರೆ, ಇಲ್ಲವೇ ಗೆದ್ದ ವಕೀಲರಿಗೆ ವಹಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ನಮ್ಮಲ್ಲಿ, ಆ ಅವಧಿಯ ಅತಿ ಮುಖ್ಯ ಮೊಕದ್ದಮೆಯಲ್ಲಿ ಯಾರು ಸೋತರೋ ಅವರೇ ಮಾತಾಡಬೇಕು. ಅಷ್ಟೇ ಅಲ್ಲ, ತಮ್ಮನ್ನು ಸೋಲಿಸಿದ ತೀರ್ಪು ಯಾಕೆ ಸರಿ ಎಂದು ತಮ್ಮ ಬಾಯಿಂದಲೇ ವಾದಿಸಬೇಕು. ಗಾಯಕ್ಕೆ ಉಪ್ಪು ಸವರಿ, ‘ಆಹಾ, ಎಷ್ಟು ತಂಪಾಗಿದೆ’ ಎಂದು ಹೇಳಿಸುವ ಪದ್ಧತಿ ಇದು. ಗೆದ್ದವರು ಆ ಹೊತ್ತಿನಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರಬೇಕು, ನಗಬಾರದು.

ಈ ಪದ್ಧತಿ ಹೇಗೆ ಬಂತು? ಹಿರಿಯರು ಹೇಳುವುದೇನೆಂದರೆ, ಬಹಳ ಹಿಂದೆ ಒಮ್ಮೆ ಗೆದ್ದವರಿಗೇ ಮೈಕು ಕೊಟ್ಟಿದ್ದರಂತೆ. ಅವರು ತಮ್ಮ ಗೆಲುವನ್ನು ವಿವರಿಸತೊಡಗಿ, ಊಟ ಆರಿ, ಜನ ಒಬ್ಬೊಬ್ಬರಾಗಿ ಎದ್ದು ಹೋಗಿ, ಕೊನೆಗೆ ಅಧ್ಯಕ್ಷರೂ ಕೈತೊಳೆಯುವ ನೆಪ ಹೇಳಿ ಹೋದವರು ವಾಪಸು ಬರಲಿಲ್ಲವಂತೆ. ಸೋತವರಿಗೆ ಮೈಕು ಕೊಟ್ಟರೆ ಬೇಗ ಮುಗಿಸುತ್ತಾರೆ ಎಂಬ ಆಸೆಯಿಂದ ಹುಟ್ಟಿದ ಪದ್ಧತಿ ಇದು. ಆ ಆಸೆಯನ್ನು ನಾನು ಇವತ್ತು ಈಡೇರಿಸುತ್ತೇನೆ ಎಂದು ಭರವಸೆ ಕೊಡಲಾರೆ.

ನನ್ನನ್ನು ಸೋಲಿಸಿದವರು ಇಲ್ಲೇ ಕುಳಿತಿದ್ದಾರೆ. ಬಿಸಿಲಿರಲಿ ಮಳೆಯಿರಲಿ ಕೈಯಲ್ಲಿ ಕೊಡೆ ಹಿಡಿದೇ ಬರುವ ಇವರನ್ನು ನಾವೆಲ್ಲ ಕೊಡೆ ವಕೀಲರು ಎಂದೇ ಕರೆಯುತ್ತೇವೆ. ಇವರು ಬಾಯಿ ಮುಚ್ಚಿಕೊಂಡು ಕುಳಿತದ್ದನ್ನು ನಾನು ನೋಡುತ್ತಿರುವುದು ಇದೇ ಮೊದಲು. ಇದೊಂದನ್ನು ನೋಡುವುದಕ್ಕಾದರೂ ಆಗಾಗ ಸೋಲಬೇಕು.

ಸಭಿಕರೇ, ನ್ಯಾಯಾಲಯದ ಬಗ್ಗೆ ಜನ ಒಂದು ಮಾತು ಹೇಳುತ್ತಾರೆ: ಗೆದ್ದವನು ಸೋತ, ಸೋತವನು ಸತ್ತ. ಆ ಲೆಕ್ಕದಲ್ಲಿ ನಾನು ಇಷ್ಟು ಹೊತ್ತಿಗೆ ಸತ್ತಿರಬೇಕಿತ್ತು. ಸತ್ತಿಲ್ಲ. ಅದಕ್ಕಿಂತ ದೊಡ್ಡ ಸುದ್ದಿ ಎಂದರೆ, ಈ ವಾರ ನಾನು ಚೆನ್ನಾಗಿ ನಿದ್ದೆ ಮಾಡಿದ್ದೇನೆ. ಸೋತದ್ದಕ್ಕೆ ಇಷ್ಟು ನೆಮ್ಮದಿ ಪಟ್ಟ ವಕೀಲರು ಈ ಸಭಾಂಗಣದಲ್ಲಿ ಬೇರೆ ಯಾರಾದರೂ ಇದ್ದಾರೆಯೇ? ಇದ್ದರೆ ಕೈ ಎತ್ತಿ ಎನ್ನುವುದಿಲ್ಲ, ಕಕ್ಷಿದಾರರು ನೋಡಿಯಾರು.

ಮುಖ್ಯ ತೀರ್ಪಿಗೆ ಹೋಗುವ ಮುನ್ನ ಉಳಿದವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗೋಡೆ ಮೊಕದ್ದಮೆ ಕೊನೆಗೂ ಮುಗಿಯಿತು. ಎರಡು ಮನೆಗಳ ನಡುವಿನ ಆ ಗೋಡೆ ಯಾರದ್ದು ಎಂಬ ಪ್ರಶ್ನೆಯನ್ನು ಹಿಡಿದು ಈ ನ್ಯಾಯಾಲಯಕ್ಕೆ ಬಂದ ಇಬ್ಬರೂ ತೀರಿಕೊಂಡು, ಅವರ ಮಕ್ಕಳು ಒಬ್ಬರನ್ನೊಬ್ಬರು ಪ್ರೀತಿಸಿ ಮದುವೆಯಾಗಿ, ಗೋಡೆಯ ಮಧ್ಯೆ ಬಾಗಿಲು ಒಡೆದು ಎಷ್ಟೋ ಕಾಲವಾಗಿತ್ತು. ಅದನ್ನು ಇಬ್ಬರು ವಕೀಲರಲ್ಲಿ ಒಬ್ಬರೂ ನ್ಯಾಯಾಲಯಕ್ಕೆ ತಿಳಿಸಿರಲಿಲ್ಲ. ಗೋಡೆ ಇಬ್ಬರಿಗೂ ಸೇರಿದ್ದು ಎಂದು ತೀರ್ಪಾಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು ಎಂದು ಕೆಲವರು ಗೊಣಗಿದರು. ಇರಲಿ, ಆ ಮನೆಯವರಿಗೆ ಬೆಳಕಂತೂ ಆಯಿತು.

ಇನ್ನೊಂದು, ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಎಂಬ ತೀರ್ಪು. ಇದು ಒಳ್ಳೆಯ ತೀರ್ಪು. ಆದರೆ ನಾನು ಕಾನೂನು ಪರೀಕ್ಷೆ ಬರೆದ ಕಾಲದಲ್ಲಿ ಇದು ಬಾರದೇ ಇದ್ದದ್ದು ನನ್ನ ಪುಣ್ಯ. ಮತ್ತೊಂದು, ಬಾಡಿಗೆದಾರರಿಗೆ ಮೆಟ್ಟಿಲ ಮೇಲೆ ಕೂರುವ ಹಕ್ಕಿದೆಯೇ ಎಂಬ ಪ್ರಶ್ನೆ. ಹತ್ತಿ ಇಳಿಯುವುದು ಹಕ್ಕು, ಕೂರುವುದು ಸೌಜನ್ಯದ ವಿಷಯ ಎಂದು ಹೇಳಿ ನ್ಯಾಯಮೂರ್ತಿಗಳು ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ನೋಡಿಕೊಂಡರು. ಈ ಮೆಟ್ಟಿಲ ವಿಷಯದಲ್ಲಿ ನನ್ನದೇ ಒಂದು ಅನುಭವವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ನನ್ನ ಸೋಲಿಗೆ ಬರೋಣ.

ನನ್ನ ಕಕ್ಷಿದಾರರು ನಗರದ ಬಸ್ಸುಗಳನ್ನು ಓಡಿಸುವ ಸಂಸ್ಥೆ. ಎದುರಿನವರು ಆ ಸಂಸ್ಥೆಯ ಒಬ್ಬ ಹಳೆಯ ಚಾಲಕರು. ಒಂದು ಬೆಳಿಗ್ಗೆ ಅವರು ತಾವಾಗಿಯೇ ಡಿಪೋ ಮ್ಯಾನೇಜರರ ಮುಂದೆ ನಿಂತು, ‘ಸಾರ್, ಕತ್ತಲಾದ್ಮೇಲೆ ಎದುರಿಂದ ಬರೋ ಲೈಟು ಕಣ್ಣೊಳಗೆ ಒಡೆದುಹೋದ ಹಾಗೆ ಆಗುತ್ತೆ. ಬದೀಲಿ ಯಾರಿದಾರೆ ಅಂತ ಗೊತ್ತಾಗಲ್ಲ. ಬೇರೆ ಏನಾದ್ರೂ ಕೆಲಸ ಕೊಡಿ’ ಎಂದರು. ಸಂಸ್ಥೆ ಅವರನ್ನು ವೈದ್ಯರ ಬಳಿ ಕಳಿಸಿತು. ಕನ್ನಡಕದಿಂದ ಸರಿಹೋಗುವ ತೊಂದರೆ ಅದಲ್ಲ ಎಂದು ವೈದ್ಯರು ಬರೆದುಕೊಟ್ಟರು. ಚಾಲಕನಾಗಿ ಸೇರಿದವನು ಚಾಲಕನಾಗಿರಲು ಅನರ್ಹನಾದರೆ ಕೆಲಸವೂ ಮುಗಿಯಿತು ಎಂದು ಸಂಸ್ಥೆ ಅವರನ್ನು ಮನೆಗೆ ಕಳಿಸಿತು. ಅವರು ನ್ಯಾಯಾಲಯಕ್ಕೆ ಬಂದರು. ಏಕಸದಸ್ಯ ಪೀಠದ ಮುಂದೆ ನಾನು ಗೆದ್ದೆ. ಚೆನ್ನಾಗಿಯೇ ಗೆದ್ದೆ. ನಿಯಮ ನನ್ನ ಕಡೆ ಇತ್ತು, ಕಡ್ಡಿ ಮುರಿದ ಹಾಗೆ ಇತ್ತು. ಆವತ್ತು ಕೊಡೆ ವಕೀಲರು ಕೊಡೆ ಮರೆತು ಹೊರಗೆ ಹೋದದ್ದನ್ನು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ.

ನಾನು ಹಾಗೆ ವಾದಿಸಿದ್ದು ತಪ್ಪು ಎಂದು ಈಗ ಹೇಳಲಿಕ್ಕೆ ನಿಂತಿಲ್ಲ. ಕಕ್ಷಿದಾರನ ಪರವಾಗಿ ನಿಂತ ಮೇಲೆ ಪೂರ್ತಿ ನಿಲ್ಲಬೇಕು, ಅರ್ಧ ನಿಲ್ಲುವವರು ವಕೀಲರಲ್ಲ. ನಾಳೆ ಅಂಥದ್ದೇ ಕಡತ ಬಂದರೂ ಅದೇ ಗಂಟಲಿನಲ್ಲಿ ವಾದಿಸುತ್ತೇನೆ. ಇದನ್ನು ಯಾಕೆ ಹೇಳಿದೆನೆಂದರೆ, ಮುಂದೆ ನಾನು ಹೇಳುವುದನ್ನು ಕೇಳಿ ಯಾರಾದರೂ ಎದ್ದು ಬಂದು ನನ್ನ ಬೆನ್ನು ತಟ್ಟಿ ಸಮಾಧಾನ ಹೇಳುವುದು ಬೇಡ.

ಮೇಲ್ಮನವಿ ದ್ವಿಸದಸ್ಯ ಪೀಠದ ಮುಂದೆ ಬಂತು. ಕೊಡೆ ವಕೀಲರ ವಾದ ಒಂದೇ. ತಾನಾಗಿ ಬಂದು ನಿಜ ಹೇಳಿದವನ ಕೆಲಸ ಕಿತ್ತುಕೊಂಡರೆ ನಾಳೆ ಯಾವ ಚಾಲಕ ನಿಜ ಹೇಳುತ್ತಾನೆ? ಎಲ್ಲರೂ ಮುಚ್ಚಿಟ್ಟುಕೊಂಡು ಓಡಿಸುತ್ತಾರೆ, ಬಸ್ಸಿನಲ್ಲಿ ಕೂತವರ ಗತಿ ಏನು? ನನ್ನ ಸರದಿ ಬಂದಾಗ ನಾನು ಎದ್ದು ನಿಂತೆ. ಹೇಳಿದೆ: ‘ಸ್ವಾಮಿ, ಇದು ಬರೀ ಕಲ್ಪನೆ. ದೃಷ್ಟಿ ಕುಂದಿದ್ದನ್ನು ಯಾರೂ ಬಹಳ ದಿನ ಮುಚ್ಚಿಡಲಾರರು. ಡಿಪೋದವರಿಗೆ ಗೊತ್ತಾಗದೆ ಇರಬಹುದು. ಆದರೆ ಮನೆಯವರಿಗೆ ಗೊತ್ತಾಗದೇ ಇರುತ್ತದೆಯೇ?’

ಎಷ್ಟು ಚೆನ್ನಾದ ವಾಕ್ಯ, ನೋಡಿ. ಹಿರಿಯ ನ್ಯಾಯಮೂರ್ತಿಗಳು ಅದನ್ನು ಪೆನ್ಸಿಲಿನಿಂದ ಬರೆದುಕೊಂಡರು. ನಾವು ವಕೀಲರು ನ್ಯಾಯಮೂರ್ತಿಗಳ ಪೆನ್ಸಿಲು ಅಲ್ಲಾಡಿದರೆ ಸಾಕು, ಅರ್ಧ ಗೆದ್ದ ಹಾಗೆ ಎಂದುಕೊಳ್ಳುವವರು. ಕಿರಿಯ ನ್ಯಾಯಮೂರ್ತಿಗಳು ಮಾತ್ರ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಮೆಲ್ಲಗೆ ಕೇಳಿದರು: ‘ಗೊತ್ತಾಗುತ್ತೆ, ಸರಿ. ಗೊತ್ತಾದ ಮೇಲೆ ಮನೆಯವರು ಹೇಳ್ತಾರಾ, ಮೇಡಂ?’

ನಾನು ‘ಹೇಳಬೇಕು, ಸ್ವಾಮಿ’ ಎಂದೆ. ತೀರ್ಪನ್ನು ಕಾಯ್ದಿರಿಸಿದರು.

ಇಲ್ಲಿ ನಾನು ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕಾಗುತ್ತದೆ. ಬರೆದುಕೊಂಡು ಬಂದ ಭಾಷಣದಲ್ಲಿ ಇದು ಇಲ್ಲ, ಹೊಟ್ಟೆಗೆ ಹಾಕಿಕೊಳ್ಳಿ. ನನಗೊಬ್ಬ ತಮ್ಮ ಇದ್ದಾನೆ. ನಾನು ಮೇಲಿನ ಮಹಡಿಯಲ್ಲಿ, ಅವನೂ ಅವನ ಹೆಂಡತಿಯೂ ಕೆಳಗೆ. ರಾತ್ರಿಯ ಊಟ ಒಟ್ಟಿಗೆ. ಅವನೂ ಬಸ್ಸು ಚಾಲಕನೇ. ಅವನ ಸಂಸ್ಥೆ ಬೇರೆ, ಊರಿಂದ ಊರಿಗೆ ಬಸ್ಸು ಓಡಿಸುವ ಸಂಸ್ಥೆ. ನನ್ನ ಕಕ್ಷಿದಾರರದೇ ಆಗಿದ್ದರೆ ನಾನು ಆ ಕಡತವನ್ನು ಮುಟ್ಟುತ್ತಲೇ ಇರಲಿಲ್ಲ. ಚಿಕ್ಕವನಿದ್ದಾಗ ಪಾತ್ರೆಯ ಮುಚ್ಚಳ ಹಿಡಿದು ಮನೆಯೆಲ್ಲ ಬಸ್ಸು ಓಡಿಸುತ್ತಿದ್ದ. ಅಡುಗೆಮನೆಗೆ ನಾನು ಟಿಕೆಟ್ ಇಲ್ಲದೆ ಹೋಗುವ ಹಾಗಿರಲಿಲ್ಲ. ಅಮ್ಮ ಅವನನ್ನು ಗಾಡಿ ಎಂದೇ ಕರೆಯುತ್ತಿದ್ದಳು. ಗಾಡಿ ಊಟ ಮಾಡಿತಾ, ಗಾಡಿ ಮಲಗಿತಾ. ಬಸ್ಸು ಓಡಿಸುವುದು ಅವನಿಗೆ ಹೊಟ್ಟೆಪಾಡಲ್ಲ, ಹುಚ್ಚು.

ಅವನಿಗೆ ನನ್ನ ಕಾರು ಓಡಿಸುವ ಶೈಲಿ ಎಂದರೆ ಆಗುತ್ತಿರಲಿಲ್ಲ. ‘ಅಕ್ಕ, ನೀನು ಗೇರ್ ಹಾಕೋದಲ್ಲ, ಗೇರಿನ ಜೊತೆ ಜಗಳ ಆಡ್ತೀಯ’ ಎನ್ನುತ್ತಿದ್ದ. ರಜೆಯ ದಿನ ಎಲ್ಲಿಗಾದರೂ ಹೋಗುವುದಾದರೆ ಬೀಗದ ಕೈ ಅವನದೇ. ಅಂಥವನು ಹೋದ ವರ್ಷದಿಂದ ಬೀಗದ ಕೈಯನ್ನು ನನ್ನ ಕೈಗೆ ಕೊಡತೊಡಗಿದ. ‘ನೀನೇ ಓಡಿಸು ಅಕ್ಕ. ಈಗೀಗ ಎಷ್ಟು ಚೆನ್ನಾಗಿ ಓಡಿಸ್ತೀಯ’ ಎಂದ. ನಾನು ಉಬ್ಬಿಹೋದೆ. ಸಭಿಕರೇ, ಸಾಕ್ಷಿಯ ಮುಖ ನೋಡಿ ಸುಳ್ಳು ಹಿಡಿಯುವವಳು ಎಂದು ನನಗೊಂದು ಹೆಸರಿದೆ. ತಮ್ಮ ನನ್ನ ಡ್ರೈವಿಂಗನ್ನು ಹೊಗಳಿದ ದಿನವೇ ನನಗೆ ಅನುಮಾನ ಬರಬೇಕಿತ್ತೋ ಇಲ್ಲವೋ?

ರಾತ್ರಿ ಪಾಳಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಹಗಲಿನ ಪಾಳಿ ಹಿಡಿದ. ಸೊಂಟ ನೋವು ಎಂದ. ನಾನು ಎಣ್ಣೆ ತಂದುಕೊಟ್ಟೆ. ಫೋನಿನಲ್ಲಿ ಬಂದದ್ದನ್ನೆಲ್ಲ ಹೆಂಡತಿಯ ಕೈಗೆ ಕೊಟ್ಟು ಓದಿಸುತ್ತಿದ್ದ. ಗಂಡ ಹೆಂಡತಿ ಈ ವಯಸ್ಸಿನಲ್ಲಿ ಎಷ್ಟು ಅನ್ಯೋನ್ಯ ಎಂದುಕೊಂಡೆ. ಅವಳು ಸಂಜೆಯಾದರೆ ಗೇಟಿನ ಬಳಿ ನಿಂತಿರುತ್ತಿದ್ದಳು. ಬಸ್ಸು ಪ್ರತಿ ನಿಲ್ದಾಣ ಮುಟ್ಟಿದಾಗಲೂ ಅವನು ಅವಳಿಗೆ ಫೋನು ಮಾಡಬೇಕು. ‘ಹೊಸದಾಗಿ ಮದುವೆ ಆದವರ ಹಾಗೆ ಆಡ್ತೀರಲ್ಲ’ ಎಂದು ನಾನು ಚುಡಾಯಿಸಿದೆ. ಅವಳು ನಗಲಿಲ್ಲ. ನನ್ನ ಹಾಸ್ಯ ಕೆಲವರಿಗೆ ತಡವಾಗಿ ಅರ್ಥವಾಗುತ್ತದೆ ಎಂದು ನಾನೇ ಸಮಾಧಾನ ಮಾಡಿಕೊಂಡೆ.

ವಾದ ಮುಗಿದ ದಿನ ರಾತ್ರಿ ಊಟಕ್ಕೆ ಕೂತಾಗ ನಾನು ನ್ಯಾಯಾಲಯದಲ್ಲಿ ಆದದ್ದನ್ನು ಹೆಮ್ಮೆಯಿಂದ ಹೇಳಿದೆ. ಮನೆಯವರಿಗೆ ಗೊತ್ತಾಗದೇ ಇರುತ್ತದೆಯೇ ಎಂಬ ವಾಕ್ಯವನ್ನು ಅದೇ ಧಾಟಿಯಲ್ಲಿ, ಕೈ ಎತ್ತಿ ಹೇಳಿ ತೋರಿಸಿದೆ. ನನ್ನ ತಮ್ಮ ತಟ್ಟೆ ನೋಡುತ್ತಾ ಉಂಡ. ಅವನ ಹೆಂಡತಿ ಬಡಿಸುವುದನ್ನು ನಿಲ್ಲಿಸಿ ಕೇಳಿದಳು, ‘ಹೇಳಿದ್ರೆ ಏನಾಗುತ್ತೆ ಅಕ್ಕ?’

‘ಕೆಲಸ ಹೋಗುತ್ತೆ. ನಾನೇ ತೆಗೆಸಿದೀನಲ್ಲ’ ಎಂದು ನಕ್ಕೆ.

ಅವತ್ತಿನಿಂದ ಅವಳು ದಿನಾ ಸಂಜೆ ನಾನು ಬರುವುದನ್ನೇ ಕಾಯುತ್ತಿದ್ದಳು. ‘ತೀರ್ಪು ಬಂತಾ ಅಕ್ಕ?’ ಇನ್ನೂ ಇಲ್ಲ. ಮರುದಿನ ಮತ್ತೆ, ‘ತೀರ್ಪು ಬಂತಾ?’ ನನ್ನ ಕೆಲಸದ ಬಗ್ಗೆ ಇಷ್ಟು ಕಾಳಜಿ ಇರುವವರು ನನ್ನ ಕಚೇರಿಯಲ್ಲೂ ಇಲ್ಲ. ನನ್ನ ಕಿರಿಯ ವಕೀಲರಿಗೆ ಅವಳನ್ನು ಉದಾಹರಣೆಯಾಗಿ ಹೇಳುತ್ತಿದ್ದೆ. ಆಮೇಲೆ ತಿಳಿಯಿತು, ನಾನು ಮಲಗುವ ಕೋಣೆಯ ಸರಿಯಾಗಿ ಕೆಳಗೆ ಕೂತು ಗಂಡ ಹೆಂಡತಿ ಇಬ್ಬರೂ ನಾನು ಸೋಲಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದರು. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ನನ್ನ ಮನೆಯಲ್ಲೇ ನನ್ನ ವಿರುದ್ಧ ಇನ್ನೊಂದು ಪೀಠ ಕೂತಿತ್ತು.

ತೀರ್ಪು ಬಂದ ದಿನ ನ್ಯಾಯಾಲಯದ ಆ ಕೋಣೆ ತುಂಬಿತ್ತು. ಹಿರಿಯ ನ್ಯಾಯಮೂರ್ತಿಗಳು ಓದತೊಡಗಿದರು. ಪ್ರಯಾಣಿಕರ ವಾಹನ ಓಡಿಸುವ ಎಲ್ಲ ಸಂಸ್ಥೆಗಳಿಗೂ ಅನ್ವಯಿಸುವ ಹಾಗೆ ಹೇಳಿದರು. ತನ್ನ ದೇಹದ ಕುಂದನ್ನು ತಾನಾಗಿ ಬಂದು ತಿಳಿಸಿದ ಚಾಲಕನನ್ನು ಮನೆಗೆ ಕಳಿಸಬಾರದು, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಆಮೇಲೆ ನನ್ನ ಕಡೆ ನೋಡಿ ಓದಿದ ಸಾಲುಗಳು ನನಗೆ ಬಾಯಿಪಾಠ ಬಂದಿವೆ: ‘ಮನೆಯವರಿಗೆ ಗೊತ್ತಾಗದೇ ಇರುವುದಿಲ್ಲ ಎಂಬ ಸಂಸ್ಥೆಯ ವಕೀಲರ ಮಾತನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಗೊತ್ತಿದ್ದೂ ಹೇಳಲಾಗದೆ, ಗಂಡ ಕೆಲಸಕ್ಕೆ ಹೊರಟಾಗಲೆಲ್ಲ ಉಸಿರು ಬಿಗಿಹಿಡಿದು ಕೂರುವ ಮನೆಗಳು ಎಷ್ಟಿವೆಯೋ ನಮಗೆ ತಿಳಿಯದು. ಅಂಥ ಮನೆಗಳು ಬಾಯಿ ಬಿಡುವಂತಾಗಲಿ.’

ನನ್ನ ವಾಕ್ಯದಿಂದಲೇ ನನ್ನನ್ನು ಹೊಡೆದರು. ಕೊಡೆ ವಕೀಲರು ಬಂದು ಕೈಕುಲುಕಿದರು. ಮುಖದಲ್ಲಿ ವಿನಯ ತುಂಬಿ ತುಳುಕುತ್ತಿತ್ತು. ಅಂಥ ವಿನಯವನ್ನು ನಾನು ಕ್ಷಮಿಸುವುದಿಲ್ಲ.

ಸಿಡಿಮಿಡಿ ಎನ್ನುತ್ತಲೇ ಮನೆಗೆ ಹೋದೆ. ತಮ್ಮನ ಹೆಂಡತಿ ಬಾಗಿಲಲ್ಲೇ ಇದ್ದಳು. ‘ಏನಾಯ್ತು ಅಕ್ಕ?’ ಎಂದಳು. ‘ಸೋತೆ’ ಎಂದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಮೆಟ್ಟಿಲ ಅನುಭವ ಎಂದು ಆಗ ಹೇಳಿದೆನಲ್ಲ, ಇದೇ ಅದು. ನಾನೂ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದೆ. ‘ಹೋಗಲಿ ಬಿಡೇ. ಒಂದು ಕೇಸು. ಸೋಲು ಗೆಲುವು ಇದ್ದದ್ದೇ’ ಎಂದೆ. ನನ್ನ ವೃತ್ತಿಜೀವನದಲ್ಲಿ ನನ್ನ ಸೋಲಿಗೆ ಅಷ್ಟು ಅತ್ತವರು ಯಾರೂ ಇಲ್ಲ. ನನ್ನ ಕಣ್ಣಲ್ಲೂ ನೀರು ಬಂತು. ಅವಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು ಕೇಳಿದಳು, ‘ಪೂರ್ತಿ ಸೋತ್ರಾ ಅಕ್ಕ? ಏನೂ ಉಳಿದಿಲ್ವಾ?’

ಆಗ ನನಗೆ ಹೊಳೆಯಿತು.

ಒಳಗೆ ಹೋದೆ. ತಮ್ಮ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ‘ಎಷ್ಟು ದಿನದಿಂದ?’ ಎಂದೆ. ‘ಒಂದು ವರ್ಷ ಆಯ್ತು’ ಎಂದ. ನೇರ ಕಾಣುತ್ತದೆ, ಬದಿಯದ್ದು ಕಾಣುವುದಿಲ್ಲ. ಬೆಳಕು ಕಡಿಮೆಯಾದರೆ ದೂರದ್ದು ಮಸುಕು. ನಗರದ ಇನ್ನೊಂದು ತುದಿಯ ವೈದ್ಯರಲ್ಲಿ ಗುಟ್ಟಾಗಿ ತೋರಿಸಿಕೊಂಡಿದ್ದ. ಅವರೂ ಅದನ್ನೇ ಹೇಳಿದ್ದರು, ಕನ್ನಡಕದಿಂದ ಆಗುವುದಿಲ್ಲ ಎಂದು. ‘ಹೋದ ತಿಂಗಳು ಒಂದು ಹುಡುಗಿ ಸೈಕಲ್ಲಲ್ಲಿ ಎಡಗಡೆಯಿಂದ ಬಂದ್ಲು, ಅಕ್ಕ. ನಾನು ನೋಡ್ಲೇ ಇಲ್ಲ. ಕಂಡಕ್ಟರು ಕೂಗಿದ್ದಕ್ಕೆ ಬ್ರೇಕು ಹಾಕ್ದೆ. ಅವಳಿಗೆ ಏನೂ ಆಗಲಿಲ್ಲ. ಬೈದು ಹೋದ್ಲು. ಆ ಬೈಗುಳ ಕೇಳಿ ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ?’

ನಾನು ಕೇಳಿದೆ, ‘ನನಗೆ ಯಾಕೋ ಹೇಳಲಿಲ್ಲ?’

‘ನೀನು ಸಂಸ್ಥೆ ಕಡೆ ವಕೀಲೆ ಅಲ್ವಾ ಅಕ್ಕ’ ಎಂದ. ಕೊಂಕಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಸಭಿಕರೇ, ಈ ವೃತ್ತಿಯಲ್ಲಿ ನಾನು ಬಹಳ ಮಾತು ಕೇಳಿದ್ದೇನೆ. ನ್ಯಾಯಮೂರ್ತಿಗಳಿಂದ, ಎದುರಾಳಿಗಳಿಂದ, ಶುಲ್ಕ ಕೊಡದ ಕಕ್ಷಿದಾರರಿಂದಲೂ ಕೇಳಿದ್ದೇನೆ. ಒಂದೂ ಮೈಗೆ ತಾಗಿಲ್ಲ. ಇದೊಂದು ತಾಗಿತು. ನಾನು ಓದಲಿ ಎಂದು ತಾನು ಓದು ಬಿಟ್ಟು ಸ್ಟೇರಿಂಗ್ ಹಿಡಿದವನು ಅವನು. ನನ್ನ ಮೊದಲ ಕರಿಕೋಟಿಗೆ ಬಟ್ಟೆ ತಂದುಕೊಟ್ಟವನೂ ಅವನೇ. ಅವನು ನನಗೆ ಹೆದರಿದ್ದ. ಕಾನೂನಿಗಲ್ಲ, ಡಿಪೋಗಲ್ಲ, ನನಗೆ. ಇದನ್ನು ಹೇಳಬೇಕೆಂದು ನಾನು ಇಲ್ಲಿಗೆ ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿದೆ. ಅಧ್ಯಕ್ಷರು ನೀರಿನ ಲೋಟ ಈ ಕಡೆ ಸರಿಸುತ್ತಿದ್ದಾರೆ, ವಂದನೆಗಳು.

ಮುಂದಿನದ್ದನ್ನು ಬೇಗ ಹೇಳುತ್ತೇನೆ. ಬೆಳಿಗ್ಗೆ ಎದ್ದು ಡಿಪೋಗೆ ಹೋಗಿ ಹೇಳಿಬಿಡುತ್ತೇನೆ ಎಂದ. ನನ್ನೊಳಗಿನ ವಕೀಲೆ ಅಲ್ಲೂ ಸುಮ್ಮನಿರಲಿಲ್ಲ. ‘ಅವಸರ ಮಾಡಬೇಡ. ನನ್ನ ಕಕ್ಷಿದಾರರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಈ ತೀರ್ಪಿಗೆ ತಡೆ ಸಿಕ್ಕಿದರೆ ನೀನು ಹೇಳಿಕೊಂಡದ್ದೇ ನಿನಗೆ ಮುಳುವಾಗುತ್ತೆ. ರಜೆ ಹಾಕಿ ಕೂತುಕೋ, ಕಾದು ನೋಡೋಣ’ ಎಂದೆ. ಸಲಹೆ ಸರಿಯಾಗಿಯೇ ಇತ್ತು. ಹಣ ಪಡೆದು ಕೊಡಬಹುದಾದ ಸಲಹೆ. ಅವನ ಹೆಂಡತಿ, ಎದುರು ಮಾತಾಡಿದವಳೇ ಅಲ್ಲ, ‘ಬೇಡ ಅಕ್ಕ. ಇನ್ನು ಮುಚ್ಚಿಡೋದಕ್ಕೆ ನನ್ನ ಕೈಲಿ ಆಗಲ್ಲ’ ಎಂದಳು. ಅವನು ಹೋದ. ಹೇಳಿದ. ಬರೆದೂ ಕೊಟ್ಟ. ಬಸ್ಸಿನ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ನಡೆದುಕೊಂಡು ಮನೆಗೆ ಬಂದ.

ಆಮೇಲಿನ ವಾರಗಳು ಹೇಗಿದ್ದವು ಎಂದು ಕೇಳಬೇಡಿ. ನನ್ನ ಕಕ್ಷಿದಾರರು ಮೇಲಕ್ಕೆ ಹೋಗಬೇಕೋ ಬೇಡವೋ ಎಂದು ನನ್ನ ಅಭಿಪ್ರಾಯ ಕೇಳಿದರು. ಹೋಗಬೇಡಿ ಎಂದರೆ ತಮ್ಮನಿಗೆ ಒಳ್ಳೆಯದು. ಹೋಗಿ ಎಂದರೆ ನಾನು ದೊಡ್ಡ ಪ್ರಾಮಾಣಿಕಳು ಎಂದು ತೋರಿಸಿಕೊಂಡ ಹಾಗೆ. ಎರಡೂ ಸಲಹೆಯಲ್ಲ. ಆದ್ದರಿಂದ ಸಂಸ್ಥೆಯ ಅಧಿಕಾರಿಯ ಮುಂದೆ ಕೂತು, ‘ಈ ತೀರ್ಪಿನಿಂದ ಬದುಕುವವನೊಬ್ಬ ನನ್ನ ಮನೆಯಲ್ಲೇ ಇದ್ದಾನೆ. ನನ್ನನ್ನು ಕೇಳಬೇಡಿ’ ಎಂದು ಹೇಳಿ ಕಡತ ಒಪ್ಪಿಸಿ ಬಂದೆ. ತಮ್ಮನಿಗೆ ಅವನ ಸಂಸ್ಥೆ ತಾತ್ಕಾಲಿಕವಾಗಿ ಒಂದು ಕುರ್ಚಿ ಕೊಟ್ಟಿತ್ತು. ಮೇಲೆ ಏನಾಗುತ್ತದೋ ನೋಡಿ ಮುಂದಿನದ್ದು ಎಂದಿತ್ತು. ಮನೆಯಲ್ಲಿ ಫೋನು ಬಂದರೆ ಮೂವರೂ ಬೆಚ್ಚಿಬೀಳುತ್ತಿದ್ದೆವು. ಮಾತಾಡುವುದೇ ಕಸುಬಾದ ನಾನು ಊಟಕ್ಕೆ ಕೂತರೆ ಉಪ್ಪು ಹುಳಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಈ ವಾರದ ಮೊದಲಲ್ಲಿ ಆ ಅಧಿಕಾರಿ ಫೋನು ಮಾಡಿದರು. ‘ಮೇಡಂ, ನಾವು ಮೇಲೆ ಹೋಗ್ತಾ ಇಲ್ಲ’ ಎಂದರು. ಯಾಕೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಗಮನವಿಟ್ಟು ಕೇಳಿ, ಯಾಕೆಂದರೆ ತೀರ್ಪಿನ ಪರವಾಗಿ ಇವತ್ತು ನನ್ನ ವಾದ ಅದೊಂದೇ. ‘ತೀರ್ಪು ಬಂದ ಮೇಲೆ ನಮ್ಮ ಒಂದೊಂದು ಡಿಪೋದಲ್ಲೂ ಡ್ರೈವರುಗಳು ತಾವಾಗೇ ಬಂದು ಹೇಳ್ತಿದಾರೆ, ಮೇಡಂ. ಒಬ್ಬನಿಗೆ ಕಣ್ಣು, ಇನ್ನೊಬ್ಬನಿಗೆ ತಲೆಸುತ್ತು. ಇಷ್ಟು ದಿನ ಇವರೆಲ್ಲ ಹೀಗೇ ಓಡಿಸ್ತಿದ್ರಾ ಅಂತ ನೆನೆಸಿಕೊಂಡ್ರೆ ಮೈ ನಡುಗುತ್ತೆ. ಈಗ ಮೇಲೆ ಹೋಗಿ ಗೆದ್ದು, ಇವರ ಬಾಯಿ ಮತ್ತೆ ಮುಚ್ಚಿಸೋದಾ?’

ಮಾನ್ಯರೇ, ಇಷ್ಟೇ. ಯಾವ ಕಾನೂನು ಪುಸ್ತಕದಲ್ಲೂ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ. ಒಂದು ತೀರ್ಪು ಸರಿಯೋ ತಪ್ಪೋ ಎಂದು ನಾವು ವರ್ಷವರ್ಷವೂ ಇಲ್ಲಿ ಕೂತು ಅಳೆಯುತ್ತೇವೆ. ತರ್ಕ ಸರಿಯಿದೆಯೇ, ಹಿಂದಿನ ತೀರ್ಪುಗಳಿಗೆ ಹೊಂದುತ್ತದೆಯೇ ಎಂದು ನೋಡುತ್ತೇವೆ. ನೋಡಬೇಕು. ಆದರೆ ಹೆದರಿಕೊಂಡು ಬಾಯಿ ಮುಚ್ಚಿಕೊಂಡಿದ್ದವನು ಒಂದು ತೀರ್ಪಿನ ಬಲದಿಂದ ಬಾಯಿ ಬಿಟ್ಟು ನಿಜ ಹೇಳಿದರೆ, ಅದರಿಂದ ರಸ್ತೆಯಲ್ಲಿ ಸೈಕಲ್ಲು ತುಳಿಯುವ ಒಂದು ಹುಡುಗಿ ಸುರಕ್ಷಿತವಾಗಿ ಮನೆ ಸೇರಿದರೆ, ಆ ತೀರ್ಪು ಸರಿ. ನನ್ನ ವಿರುದ್ಧ ಬಂದಿದ್ದರೂ ಸರಿ. ನನ್ನ ವಿರುದ್ಧ ಬಂದದ್ದರಿಂದಲೇ ಸರಿ ಎನ್ನುವಷ್ಟು ದೊಡ್ಡ ಮನಸ್ಸು ಮಾತ್ರ ನನಗಿನ್ನೂ ಬಂದಿಲ್ಲ. ಕೊಡೆ ವಕೀಲರು ನಗುತ್ತಿದ್ದಾರೆ. ನಿಯಮ ಮುರಿದದ್ದನ್ನು ಅಧ್ಯಕ್ಷರು ಗಮನಿಸಬೇಕು. ಇರಲಿ, ಇವತ್ತು ಕ್ಷಮಿಸಿಬಿಡಿ. ನಾನು ಅವರಿಗೆ ಎಷ್ಟು ಋಣಿ ಎಂದು ಅವರಿಗೆ ಇಷ್ಟು ಹೊತ್ತಿನವರೆಗೆ ಗೊತ್ತಿರಲಿಲ್ಲ.

ತಮ್ಮನಿಗೆ ಅದರ ಮರುದಿನವೇ ಕಾಯಂ ಆದೇಶ ಬಂತು. ಹೊಸ ಚಾಲಕರಿಗೆ ತರಬೇತಿ ಕೊಡುವ ಕೆಲಸ. ಹಗಲಲ್ಲಿ, ಡಿಪೋದ ಅಂಗಳದಲ್ಲಿ, ಸ್ಟೇರಿಂಗ್ ಅವರ ಕೈಯಲ್ಲಿ, ಬಾಯಿ ಇವನದು. ಗೇರಿನ ಜೊತೆ ಜಗಳ ಆಡಬೇಡಿ ಎಂದು ದಿನವೂ ಕೂಗುತ್ತಾನಂತೆ, ಗಂಟಲು ಕಟ್ಟಿಸಿಕೊಂಡು ಬರುತ್ತಾನೆ. ಅವನ ಹೆಂಡತಿ ಈಗ ಸಂಜೆ ಗೇಟಿನ ಬಳಿ ನಿಲ್ಲುವುದಿಲ್ಲ. ಮೊನ್ನೆ ಅವನು ಮನೆಗೆ ಬಂದಾಗ ಅವಳು ಮಲಗಿ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಬೇಡ ಎಂದು ಅವನಿಗೆ ನಾನೇ ಸನ್ನೆ ಮಾಡಿದೆ, ಆಮೇಲೆ ಸನ್ನೆ ಅವನಿಗೆ ಕಾಣಲಿಲ್ಲವೇನೋ ಎಂದು ಬಾಯಿಬಿಟ್ಟು ಹೇಳಿದೆ. ಈಗ ನಮ್ಮ ಮನೆಯಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇವೆ.

ಈ ಭಾಷಣ ಕೇಳಲಿಕ್ಕೆ ಬರಬೇಡ, ನಿನಗೆ ಬೇಜಾರಾಗುತ್ತದೆ ಎಂದು ಬೆಳಿಗ್ಗೆ ಅವನಿಗೆ ಹೇಳಿ ಬಂದಿದ್ದೆ. ಮಾತು ಕೇಳುವವನಲ್ಲ. ನಾನು ಗೋಡೆ ಮೊಕದ್ದಮೆ ಹೇಳುತ್ತಿದ್ದಾಗ ಹೆಂಡತಿಯ ಭುಜ ಹಿಡಿದುಕೊಂಡು ಹಿಂದಿನ ಬಾಗಿಲಿಂದ ಬಂದ. ಅಲ್ಲಿ, ಕೊನೆಯಲ್ಲಿ, ಕಂಬದ ಪಕ್ಕ ಕೂತಿದ್ದಾನೆ. ನೀವು ಯಾರೂ ತಿರುಗಿ ನೋಡಬೇಡಿ, ನಾಚಿಕೊಳ್ಳುತ್ತಾನೆ.

ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ನನ್ನನ್ನು ಸೋಲಿಸಿದ ಪೀಠಕ್ಕೆ, ಸೋಲಿಸಲು ನೆರವಾದ ಕೊಡೆ ವಕೀಲರಿಗೆ, ಊಟ ಆರುತ್ತಿದ್ದರೂ ಎದ್ದು ಹೋಗದ ನಿಮಗೆಲ್ಲರಿಗೂ ನನ್ನ ಮನಸ್ಸಿನಾಳದ ವಂದನೆಗಳು. ಮುಗಿಸುವ ಮುನ್ನ ಸಭೆಯ ಅನುಮತಿ ಪಡೆದು ಒಬ್ಬನಿಗೆ ಮಾತ್ರ ಒಂದು ಮಾತು ಹೇಳುತ್ತೇನೆ. ಅಷ್ಟು ದೂರದಿಂದ ಅವನಿಗೆ ನನ್ನ ಮುಖ ಕಾಣುವುದಿಲ್ಲ.

ತಮ್ಮಾ, ನಾನು ನಗ್ತಾ ಇದೀನಿ ಕಣೋ.

ಎಲ್ಲರಿಗೂ ನಮಸ್ಕಾರ.